ಹಗುರವೇ ಇದರ ಬಲ: ಮಂಡ್ಯ ಸೀಮೆಯಲ್ಲಿ ಮಾರುತಿ 800

ಮಾರುತಿ 800 ಕಾರಿನ ತಯಾರಿಕೆ ನಿಂತದ್ದು 2014ರ ಜನವರಿ 18ರಂದು. ಆದರೂ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ, ಮಂಡ್ಯದ ಪೇಟೆ ಬೀದಿಯಲ್ಲಿ ಕೆಎ-11 ನಂಬರಿನ ಈ ಪುಟ್ಟ ಕಾರು ಇವತ್ತಿಗೂ ಎದುರಾಗುತ್ತದೆ. ಬರೀ ಅಭಿಮಾನದ ಮಾತಾಗಿದ್ದರೆ ಅದು ಶೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರುತ್ತಿತ್ತು. ದುಡಿಯುತ್ತಲೇ ಇದೆ ಎಂದರೆ ಕಾರಣ ಅದರ ರಚನೆಯಲ್ಲಿದೆ. ಆ ಕಾರಣ ಒಂದೇ: ತೂಕ ಕಡಿಮೆ.

1982ರ ಅಕ್ಟೋಬರ್‌ನಲ್ಲಿ ಸರ್ಕಾರಿ ಸ್ವಾಮ್ಯದ ಮಾರುತಿ ಉದ್ಯೋಗ್, ಜಪಾನಿನ ಸುಜುಕಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ಗ್ರಾಹಕರ ಕೈಗಿತ್ತರು. ಆಗ ಬೆಲೆ 50,000 ರೂಪಾಯಿ ಆಸುಪಾಸು. ಅಲ್ಲಿಯವರೆಗೆ ರಸ್ತೆಯನ್ನು ಆಳುತ್ತಿದ್ದವು ಅಂಬಾಸಡರ್ ಮತ್ತು ಪದ್ಮಿನಿ. 1986ರಲ್ಲಿ ಮೈಕಟ್ಟು ಬದಲಾಯಿತು. ಇಂದು ನಾವು ಕಾಣುವ 800 ಹೆಚ್ಚಾಗಿ ಈ ಎರಡನೆಯ ರೂಪದ್ದು. ಮೂವತ್ತು ವರ್ಷಗಳಲ್ಲಿ 28 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು.

ಇದರ ಎಂಜಿನ್ 796 ಸಿಸಿ, ಶಕ್ತಿ ಸುಮಾರು 37 ಅಶ್ವಶಕ್ತಿ. ಅಂಬಾಸಡರ್‌ನ 1489 ಸಿಸಿ ಎಂಜಿನ್ ಮುಂದೆ ಇದು ಚಿಕ್ಕದೇ. ಆದರೆ ಅಂಬಾಸಡರ್ ತೂಕ 1,100 ಕಿಲೋ ಆಸುಪಾಸು, 800ರದು ಸುಮಾರು 650 ಕಿಲೋ. ಹಳ್ಳಿದಾರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರನ್ನು ಹಿಂದಕ್ಕೆಳೆಯುವುದು ಗಾಳಿಗಿಂತ ಹೆಚ್ಚಾಗಿ ಟೈರು ಉರುಳುವಾಗಿನ ತಡೆ. ಆ ತಡೆ ತೂಕಕ್ಕೆ ತಕ್ಕಂತೆ ಏರುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಎದುರಾದಾಗಲೆಲ್ಲ ಬ್ರೇಕ್ ಒತ್ತಿ ಮತ್ತೆ ವೇಗ ಪಡೆಯಬೇಕು. ಪ್ರತಿ ಸಲವೂ ಬ್ರೇಕಿನಲ್ಲಿ ಬಿಸಿಯಾಗಿ ಹೋಗುವ ಶಕ್ತಿ ಕೂಡ ತೂಕದ ಲೆಕ್ಕವೇ. ಹಗುರ ಕಾರಿನಲ್ಲಿ ಈ ನಷ್ಟ ಕಡಿಮೆ. ಪೆಟ್ರೋಲ್ ಉಳಿಯುವುದು ಹೀಗೆ.

ಎಂಜಿನ್‌ಗೆ ಇರುವುದು ಮೂರೇ ಸಿಲಿಂಡರ್. ಪಿಸ್ಟನ್, ಬೇರಿಂಗ್ ಕಡಿಮೆಯಾದಷ್ಟೂ ಒಳಗಿನ ತಿಕ್ಕಾಟ ಕಡಿಮೆ, ರಿಪೇರಿಯ ಖರ್ಚೂ ಕಡಿಮೆ. ಇದಕ್ಕೆ ತೆರುವ ಬೆಲೆ ನಡುಕ. ಮೂರು ಪಿಸ್ಟನ್‌ಗಳ ಏರಿಳಿತ ಒಟ್ಟಾರೆ ಸರಿತೂಗಿದರೂ ಒಂದು ತುದಿಯದು ಮೇಲೇರುವಾಗ ಇನ್ನೊಂದು ತುದಿಯದು ಕೆಳಗಿಳಿಯುವುದರಿಂದ, ಏತದ ಮರದಂತೆ ಎಂಜಿನ್ ಆ ತುದಿ ಈ ತುದಿ ತೂಗುತ್ತದೆ. ನಿಂತಲ್ಲೇ ಸ್ಟಾರ್ಟ್ ಆಗಿರುವ 800ರ ಸ್ಟಿಯರಿಂಗ್ ಹಿಡಿದವರ ಅಂಗೈಗೆ ಇದು ಗೊತ್ತು.

ಎಂಜಿನ್ ಬಾನೆಟ್ಟಿನೊಳಗೆ ಅಡ್ಡಲಾಗಿ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಹಿಂದಕ್ಕೆ ಸಾಗುವ ಉದ್ದನೆಯ ಶಾಫ್ಟ್ ಬೇಕಿಲ್ಲ. ಹಾಗಾಗಿ ಮೂರೂಕಾಲು ಮೀಟರ್ ಚಿಲ್ಲರೆ ಉದ್ದದಲ್ಲೇ ನಾಲ್ವರಿಗೆ ಜಾಗ ಸಿಕ್ಕಿತು. ಎಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೇ ಬೀಳುವುದರಿಂದ, ಮಳೆಗಾಲದಲ್ಲಿ ಗದ್ದೆ ಬಯಲಿನ ಕೆಸರು ದಾರಿಯಲ್ಲೂ ಹಿಡಿತ ಸಿಗುತ್ತದೆ. ಇಕ್ಕಟ್ಟಾದ ಏರಿಯ ಮೇಲೆ ತಿರುಗಿಸಿಕೊಳ್ಳಲೂ ಚಿಕ್ಕ ಕಾರೇ ಸಲೀಸು.

ಈಗ ಇದಕ್ಕೊಂದು ಹೊಸ ಪರೀಕ್ಷೆ ಬಂದಿದೆ, ಅದೂ ಈ ಸೀಮೆಯ ಬೆಳೆಯಿಂದಲೇ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದಂದಿನಿಂದ ಮಂಡ್ಯ ಕಬ್ಬಿನ ನಾಡು. ಇಂದು ಕಬ್ಬಿನಿಂದ ಎಥೆನಾಲ್ ಕೂಡ ತೆಗೆಯುತ್ತಾರೆ. ಬಂಕಿನ ಪೆಟ್ರೋಲಿನಲ್ಲಿ ಅದರ ಪಾಲು ಶೇ. 20ಕ್ಕೆ ಏರಿದೆ. ಎಥೆನಾಲ್‌ನ ಒಂದು ಲೀಟರಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಕಿಲೋ ಸಾಕು. ಹೊಸ ಕಾರಿನ ಸೆನ್ಸರ್ ಇದನ್ನು ಗುರುತಿಸಿ ಇಂಧನ ಹೆಚ್ಚಿಸುತ್ತದೆ. ಹಳೆಯ 800ರ ಕಾರ್ಬುರೇಟರ್‌ಗೆ ಆ ಅರಿವಿಲ್ಲ. ಮಿಶ್ರಣ ತೆಳುವಾಗಿ ಎಂಜಿನ್ ತಡವರಿಸಬಹುದು. ರಬ್ಬರ್ ಪೈಪುಗಳೂ ಉಬ್ಬಿ ಬಿರುಕು ಬಿಡಬಹುದು.

ಹಗುರಕ್ಕೆ ಇನ್ನೊಂದು ಮಿತಿಯೂ ಇದೆ. ವೇಗ 50ರಿಂದ 100ಕ್ಕೇರಿದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಭಾರದ ವಾಹನಕ್ಕೆ ಹಗುರ ವಾಹನ ಡಿಕ್ಕಿಯಾದರೆ ಹೆಚ್ಚಿನ ಏಟು ಹಗುರದ್ದಕ್ಕೇ. 800ರಲ್ಲಿ ಏರ್‌ಬ್ಯಾಗ್ ಇಲ್ಲ. 2023ರ ಮಾರ್ಚ್‌ನಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈ ಕಾರಿನ ಜಾಗವಲ್ಲ. ಊರಿನಿಂದ ಊರಿಗೆ, ನಿಧಾನದ ದಾರಿಯಲ್ಲಿ ಅದಕ್ಕೆ ಸಮ ಸಿಗುವುದು ಕಷ್ಟ.

ನಿಮ್ಮ ಮನೆಯಲ್ಲಿ 800 ಇದ್ದರೆ ಇಂಧನದ ಪೈಪುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸಿ, ಕಾರ್ಬುರೇಟರನ್ನು ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ. ಎಥೆನಾಲ್ ತೇವ ಹೀರುವುದರಿಂದ ಟ್ಯಾಂಕಿನಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಕೊಳೆಹಾಕಬೇಡಿ. ಹೊಸ ಕಾರು ಕೊಳ್ಳಲು ಹೊರಟವರು, ಅದು ಪೆಟ್ರೋಲಿನದಿರಲಿ ಬ್ಯಾಟರಿಯದಿರಲಿ, ಷೋರೂಮಿನಲ್ಲಿ ಮೈಲೇಜಿನ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಸುರಕ್ಷತೆ ಎಷ್ಟು, ತೂಕ ಎಷ್ಟು?