ತೀಗಕ್ಕೂ ಚಪ್ಪರ ಬೇಕು

ತೆಲುಗಿನಲ್ಲಿ ಬಳ್ಳಿಗೂ ತಂತಿಗೂ ಒಂದೇ ಮಾತು: ತೀಗ. ಹವ್ಯಾಸಿ ರೇಡಿಯೊಗೆ, ಅಂದರೆ ಹ್ಯಾಮ್‌ಗೆ, ಮನೆಯಲ್ಲೇ ಆಂಟೆನಾ ಕಟ್ಟುವಾಗ ನನಗೆ ನೆನಪಾಗುವುದು ಇದೇ. ಬಳ್ಳಿಗೆ ಚಪ್ಪರ ಬೇಕು, ಈ ತೀಗಕ್ಕೆ ಎತ್ತರ ಬೇಕು. ಹೊಸೂರು, ಡೆಂಕಣಿಕೋಟೆ ಕಡೆ ತೆಂಗು, ಹುಣಸೆ ಮರಕ್ಕೇನು ಬರವೇ?

ಮಾತಾಡಲು ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ತಂತಿಯ ಲೆಕ್ಕ ಮಾತ್ರ ಸುಲಭ. 468ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಅಡಿಗಳಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 66 ಅಡಿ. ನಡುವೆ ಕತ್ತರಿಸಿದರೆ ಆ ಕಡೆ 33, ಈ ಕಡೆ 33. ಕೊಯಾಕ್ಸ್ ಕೇಬಲ್ಲಿನ ನಡುತಂತಿ ಒಂದಕ್ಕೆ, ಹೊರಜಾಲರಿ ಇನ್ನೊಂದಕ್ಕೆ. ತುದಿಗೆ ಪಿವಿಸಿ ಪೈಪಿನ ತುಂಡು, ನೈಲಾನ್ ಹಗ್ಗ. ಕರೆಂಟ್ ತಂತಿಯ ಹತ್ತಿರ ಕಟ್ಟಲೇಬೇಡಿ. ಗುಡುಗಿನ ಮೋಡ ಕಂಡಾಗಲೇ ಕೇಬಲ್ ಕಳಚಿಡಿ.

ಮೊದಲು ಒಂದೊಂದು ಅಡಿ ಹೆಚ್ಚೇ ಬಿಡಿ. ಕತ್ತರಿಸಿದ ತೀಗ ಮತ್ತೆ ಚಿಗುರೋದಿಲ್ಲ. ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು 7.1ಕ್ಕಿಂತ ಕೆಳಗೇ ಅತಿ ಕಡಿಮೆಗೆ ಇಳಿದರೆ ತಂತಿ ಉದ್ದವಾಯಿತು ಅಂತ ಅರ್ಥ. ಎರಡೂ ಕಡೆ ಸಮನಾಗಿ, ಇಷ್ಟಿಷ್ಟೇ ಕತ್ತರಿಸಿ.

ಕರಕರ ಸದ್ದು ಬಂದರೆ ಮನೆಯ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯಲ್ಲಿ ಕೇಳಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ: ಎಲ್‌ಇಡಿ ಬಲ್ಬೋ, ಚಾರ್ಜರೋ. ಮಳೆ ಬಂದಾಗ ಮಾತ್ರ ಕೆಟ್ಟರೆ ಕೇಬಲ್ ಗಂಟಿನಲ್ಲಿ ನೀರು ಹೊಕ್ಕಿರುತ್ತದೆ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಫೋನುಗಳು ಸತ್ತಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹ್ಯಾಮ್ ರೇಡಿಯೊದಲ್ಲೇ ಸುದ್ದಿ ಮುಟ್ಟಿಸಿದರು. ಅಂಥ ದಿನಕ್ಕೇ ಗಂಟು ಗಟ್ಟಿಯಿರಬೇಕು. ಬೆಸುಗೆ ಹಾಕಿ, ಟೇಪ್ ಬಿಗಿಯಾಗಿ ಸುತ್ತಿ. ಮುಂಗಾರಿಗೆ ಮುಂಚೆ ಒಮ್ಮೆ ಬಿಚ್ಚಿ ನೋಡಿ.