ಒಂದೇ ಅಚ್ಚಿನ ಮುಖಗಳು

ಮೂಗು ಎಷ್ಟು ಉದ್ದವಿರಬೇಕು, ಗಲ್ಲ ಎಷ್ಟು ಚೂಪಾಗಿರಬೇಕು ಎಂಬ ಪ್ರಶ್ನೆಯನ್ನು ಬ್ರಹ್ಮದೇವನು ಯಾರೊಡನೆಯೂ ಚರ್ಚಿಸಿದಂತೆ ಕೇಳಿಬಂದಿಲ್ಲ. ಅವನ ಕೆಲಸ ಅವನಿಗೆ ಗೊತ್ತು. ಆದರೆ ಆ ಕೆಲಸವನ್ನು ಹದಿನಾರು ವರ್ಷದ ಹುಡುಗಿಯೊಬ್ಬಳ ಕೈಗೆ, ಇಲ್ಲವೇ ಕಛೇರಿಯಿಂದ ದಣಿದು ಬಂದ ಗೃಹಸ್ಥನೊಬ್ಬನ ಕೈಗೆ ಒಪ್ಪಿಸಿದರೆ ಏನಾದೀತು? ಇಪ್ಪತ್ತೈದು ವರ್ಷಗಳಿಂದ ಲೋಕದ ಲಕ್ಷಾಂತರ ಮನೆಗಳಲ್ಲಿ ಈ ಪ್ರಯೋಗ ನಡೆಯುತ್ತ ಬಂದಿದೆ. ಫಲಿತಾಂಶ ಮಾತ್ರ ಸೋಜಿಗದ್ದು. ಬೇಕಾದಂತಹ ಮುಖವನ್ನು ಮಾಡಿಕೊಳ್ಳುವ ಸ್ವಾತಂತ್ರ್ಯ ದೊರೆತವರಲ್ಲಿ ಬಹು ಮಂದಿ ಒಂದೇ ಮುಖವನ್ನು ಮತ್ತೆ ಮತ್ತೆ ಮಾಡುತ್ತಾರೆ!

ಈ ಪ್ರಯೋಗಕ್ಕೆ ಎಡೆಗೊಟ್ಟದ್ದು ‘ದಿ ಸಿಮ್ಸ್’ ಎಂಬ ಕಂಪ್ಯೂಟರ್ ಆಟ. ಇದನ್ನು ಸಂಸಾರದ ಆಟವೆಂದು ಕರೆದರೆ ತಪ್ಪಾಗದು. ಆಡುವವರು ಪರದೆಯ ಮೇಲೆ ಕೆಲವು ಮನುಷ್ಯರನ್ನು ಸೃಷ್ಟಿಸಿ, ಅವರಿಗೊಂದು ಮನೆಯನ್ನು ಕಟ್ಟಿಕೊಟ್ಟು, ಅವರ ಊಟ, ನಿದ್ರೆ, ಉದ್ಯೋಗ, ಸ್ನೇಹ, ವಿವಾಹಗಳನ್ನು ನೋಡಿಕೊಳ್ಳುತ್ತಾರೆ. ಇದರಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ನವರಾತ್ರಿಯಲ್ಲಿ ಕೂರಿಸಿದ ಗೊಂಬೆಗಳು ತಾವೇ ಎದ್ದು, ಒಲೆ ಹಚ್ಚಿ, ಪರಸ್ಪರ ಜಗಳವಾಡಿ, ಮುನಿಸಿಕೊಂಡು ಮಲಗಿದರೆ ಹೇಗಿದ್ದೀತೋ ಹಾಗೆ.

ಇದರ ಜನಕ ಅಮೆರಿಕದ ವಿಲ್ ರೈಟ್. ೧೯೮೯ರಲ್ಲಿ ‘ಸಿಮ್‌ಸಿಟಿ’ ಎಂಬ ನಗರನಿರ್ಮಾಣದ ಆಟದಿಂದ ಹೆಸರಾಗಿದ್ದ ಈತನ ಮನೆ ೧೯೯೧ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡ್ ಗುಡ್ಡಗಳನ್ನು ವ್ಯಾಪಿಸಿದ ಕಾಳ್ಗಿಚ್ಚಿಗೆ ಆಹುತಿಯಾಯಿತು. ೨೫ ಮಂದಿ ಮಡಿದು, ಸಾವಿರಾರು ಮನೆಗಳು ಬೂದಿಯಾದ ದುರಂತವದು. ಸಂಸಾರವನ್ನು ಹೊಸದಾಗಿ ಹೂಡುವಾಗ ಮನುಷ್ಯನಿಗೆ ನಿಜವಾಗಿ ಬೇಕಾದ ವಸ್ತುಗಳು ಯಾವುವು ಎಂಬ ಯೋಚನೆ ಆತನನ್ನು ಹಿಡಿಯಿತು. ಮೊದಲಿಗೆ ಆತ ಉದ್ದೇಶಿಸಿದ್ದು ಮನೆ ಕಟ್ಟುವ ಆಟವನ್ನು. ಕಟ್ಟಿದ ಮನೆ ವಾಸಕ್ಕೆ ಯೋಗ್ಯವೇ ಅಲ್ಲವೇ ಎಂಬುದನ್ನು ತೋರಿಸಿಕೊಡಲು ಒಳಗೆ ಓಡಾಡುವ ಪುಟ್ಟ ಮನುಷ್ಯರು ಬೇಕಾದರು. ಬಾಡಿಗೆಗೆ ಬಂದವರೇ ಯಜಮಾನರಾದಂತೆ, ಆ ಪುಟ್ಟ ಮನುಷ್ಯರೇ ಕೊನೆಗೆ ಆಟವನ್ನೆಲ್ಲ ಆಕ್ರಮಿಸಿಕೊಂಡರು. ೨೦೦೦ದ ಫೆಬ್ರವರಿಯಲ್ಲಿ ಮ್ಯಾಕ್ಸಿಸ್ ಸಂಸ್ಥೆ ರಚಿಸಿದ ಈ ಆಟ ಹೊರಬಂದಿತು. ೨೦೦೨ರ ವೇಳೆಗೆ, ಅದುವರೆಗಿನ ಕಂಪ್ಯೂಟರ್ ಆಟಗಳಲ್ಲೆಲ್ಲ ಅತ್ಯಧಿಕವಾಗಿ ಮಾರಾಟವಾದದ್ದೆಂಬ ಕೀರ್ತಿ ಅದಕ್ಕೆ ಸಂದಿತು.

ಸಿದ್ಧ ತಲೆಗಳ ಕಾಲ

ಮೊದಲ ಆಟದಲ್ಲಿ ಮುಖವನ್ನು ತಿದ್ದುವ ಸೌಕರ್ಯವೇ ಇರಲಿಲ್ಲ. ಸಂತೆಯಲ್ಲಿ ಗೊಂಬೆಗಳನ್ನು ಆರಿಸುವಂತೆ ಸಿದ್ಧವಾದ ತಲೆಯೊಂದನ್ನೂ ಮೈಯೊಂದನ್ನೂ ಆರಿಸಿಕೊಳ್ಳಬೇಕಾಗಿತ್ತು. ಮೈಬಣ್ಣಗಳು ಮೂರೇ: ಬಿಳುಪು, ನಡುವಣದು, ಕಪ್ಪು. ಸ್ವಭಾವವನ್ನು ನಿರ್ಧರಿಸಲು ಅಚ್ಚುಕಟ್ಟುತನ, ಕ್ರಿಯಾಶೀಲತೆ, ವಿನೋದಪ್ರಿಯತೆ ಮೊದಲಾದ ಐದು ಗುಣಗಳು ಇದ್ದವು. ಕೈಯಲ್ಲಿದ್ದ ೨೫ ಅಂಕಗಳನ್ನು ಅವುಗಳೊಳಗೆ ಹಂಚಬೇಕು. ಇಷ್ಟರಲ್ಲಿಯೇ ವ್ಯಕ್ತಿ ಸಿದ್ಧ.

ಆದರೂ ಆ ಕಾಲದ ಒಬ್ಬಾಕೆ ಇಂದಿಗೂ ಜನರ ನೆನಪಿನಲ್ಲಿದ್ದಾಳೆ. ಆಕೆ ಬೆಲ್ಲಾ ಗಾತ್. ಉದ್ದನೆಯ ಕರಿಯ ಕೂದಲು, ಕೆಂಪು ಉಡುಪು. ಇವೆರಡು ಕಂಡರೆ ಸಾಕು, ಆಟದ ಅಭಿಮಾನಿಗಳು ಆಕೆಯನ್ನು ಗುರುತಿಸಿಬಿಡುವರು. ಮುಖ ಹೇಗಿತ್ತೆಂದು ಕೇಳಿದರೆ ತಡವರಿಸಿಯಾರು! ಹಳೆಯ ಕ್ಯಾಲೆಂಡರಿನ ಚಿತ್ರಗಳನ್ನು ಕಂಡವರಿಗೆ ಇದು ಹೊಸದಾಗಿ ತೋರಲಾರದು. ವೀಣೆಯಿದ್ದರೆ ಸರಸ್ವತಿ, ತಾವರೆಯಿದ್ದರೆ ಲಕ್ಷ್ಮಿ. ಕೈಯಲ್ಲಿರುವುದನ್ನು ಮರೆಮಾಡಿ ಮುಖಗಳನ್ನು ಮಾತ್ರ ತೋರಿಸಿದರೆ ಯಾರು ಯಾರೆಂದು ಹೇಳುವುದು ಅರ್ಚಕರಿಗೂ ಕಷ್ಟವೇ. ೨೦೦೪ರ ಎರಡನೆಯ ಆಟದಲ್ಲಿ ಬೆಲ್ಲಾ ತನ್ನ ಊರಿನಿಂದ ಕಾಣೆಯಾಗಿ, ಅದೇ ಹೆಸರಿನ, ಅದೇ ಉಡುಪಿನ ಹೆಂಗಸೊಬ್ಬಳು ಬೇರೊಂದು ಊರಿನಲ್ಲಿ ಕಾಣಿಸಿಕೊಂಡಳು. ಇಬ್ಬರ ಮುಖಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಅಭಿಮಾನಿಗಳು, ಇವಳು ಅವಳಲ್ಲವೆಂದು ಸಾಧಿಸತೊಡಗಿದರು. ಉಡುಪಿನಿಂದ ಗುರುತಿಸುವ ಕಾಲ ಮುಗಿದು, ಮುಖವೇ ಸಾಕ್ಷಿಯಾಗುವ ಕಾಲ ಬಂದಿತ್ತು.

ಕುಂಬಾರನ ಕೈ

ಆ ಎರಡನೆಯ ಆಟದಲ್ಲಿ ಸ್ಲೈಡರುಗಳು ಬಂದವು. ಪರದೆಯ ಮೇಲಿನ ಪುಟ್ಟ ಹಿಡಿಕೆಯನ್ನು ಎಡಕ್ಕೆ ಸರಿಸಿದರೆ ಮೂಗು ಕಿರಿದು, ಬಲಕ್ಕೆ ಸರಿಸಿದರೆ ಹಿರಿದು. ಹುಬ್ಬು, ದವಡೆ, ತುಟಿ, ಕೆನ್ನೆ ಎಲ್ಲಕ್ಕೂ ಹೀಗೆಯೇ. ೨೦೦೯ರ ಮೂರನೆಯ ಆಟದಲ್ಲಿ ಹಿಡಿಕೆಗಳು ಹೆಚ್ಚಿದುವು. ಆದರೆ ಮುಖಗಳೆಲ್ಲ ಊದಿಕೊಂಡು ಮೆತ್ತಗಾದುವೆಂದು ಜನ ಅವಕ್ಕೆ ‘ಪುಡಿಂಗ್ ಮುಖ’ ಎಂದು ಹೆಸರಿಟ್ಟರು. ಕನ್ನಡಿಗರಾಗಿದ್ದರೆ ಕಡುಬಿನ ಮುಖ ಎನ್ನುತ್ತಿದ್ದರೇನೋ. ೨೦೧೪ರಲ್ಲಿ ಬಂದ ನಾಲ್ಕನೆಯ ಆಟದಲ್ಲಿ ಹಿಡಿಕೆಗಳ ಗೊಡವೆಯೇ ತಪ್ಪಿತು. ಮೌಸನ್ನು ಕೆನ್ನೆಯ ಮೇಲಿಟ್ಟು ಎಳೆದರೆ ಕೆನ್ನೆ ಬರುತ್ತದೆ, ಒತ್ತಿದರೆ ಒಳಗೆ ಹೋಗುತ್ತದೆ. ಹಸಿಯ ಮಣ್ಣನ್ನು ಕುಂಬಾರನು ತಿದ್ದಿದ ಹಾಗೆ.

ಇಷ್ಟೆಲ್ಲ ಸಾಧನಗಳು ಕೈಗೆ ಬಂದ ಮೇಲೆ ಬಗೆಬಗೆಯ ಮುಖಗಳ ಜಾತ್ರೆಯೇ ನೆರೆಯಬೇಕಾಗಿತ್ತಲ್ಲವೇ? ನೆರೆಯಲಿಲ್ಲ. ದೊಡ್ಡ ಕಣ್ಣು, ಚಿಕ್ಕ ಮೂಗು, ತುಂಬಿದ ತುಟಿ, ಚೂಪಾದ ಗಲ್ಲ. ತಾಯಿಯೂ ಹಾಗೆಯೇ, ಮಗಳೂ ಹಾಗೆಯೇ, ಅಂಚೆ ತರುವವಳೂ ಹಾಗೆಯೇ. ಆಟಗಾರರೇ ಇದನ್ನೊಂದು ಜಾಡ್ಯವೆಂದು ಗುರುತಿಸಿ ‘ಒಂದೇ ಮುಖದ ರೋಗ’ ಎಂದು ಹೆಸರಿಸಿದ್ದಾರೆ.

ರೋಗದ ಮೂಲ ಆಟದಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ. ೧೮೭೦ರ ದಶಕದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ಅಪರಾಧಿಗಳ ಲಕ್ಷಣವನ್ನು ಕಂಡುಹಿಡಿಯುವೆನೆಂದು ಹಲವು ಸೆರೆಯಾಳುಗಳ ಛಾಯಾಚಿತ್ರಗಳನ್ನು ಒಂದರ ಮೇಲೊಂದು ಮುದ್ರಿಸಿ ನೋಡಿದ. ಕ್ರೂರಮುಖವೊಂದು ಮೂಡೀತೆಂದು ಆತ ಕಾದಿದ್ದ. ಮೂಡಿದ್ದಾದರೋ ಬಿಡಿಬಿಡಿಯಾಗಿ ಆ ಸೆರೆಯಾಳುಗಳಿಗಿಂತಲೂ ಲಕ್ಷಣವಾದ ಮುಖ! ೧೯೯೦ರಲ್ಲಿ ಜುಡಿತ್ ಲ್ಯಾಂಗ್ಲಾಯ್ಸ್ ಮತ್ತು ಲೋರಿ ರಾಗ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು ಕಂಪ್ಯೂಟರಿನ ನೆರವಿನಿಂದ ಇಂತಹುದೇ ಪರೀಕ್ಷೆ ನಡೆಸಿದರು. ಹದಿನಾರು, ಮೂವತ್ತೆರಡು ಮುಖಗಳನ್ನು ಬೆರೆಸಿ ಮಾಡಿದ ಸರಾಸರಿಯ ಮುಖವನ್ನು ನೋಡಿದವರು ಬಿಡಿ ಮುಖಗಳಿಗಿಂತ ಹೆಚ್ಚಾಗಿ ಮೆಚ್ಚಿದರು. ಉಬ್ಬುತಗ್ಗುಗಳೆಲ್ಲ ಸವೆದುಹೋದ ಮುಖ ಕಣ್ಣಿಗೆ ಹಿತ. ಸ್ಲೈಡರಿನ ಮುಂದೆ ಕುಳಿತವರು ‘ಇನ್ನೂ ಸ್ವಲ್ಪ ಚೆನ್ನಾಗಲಿ’ ಎಂದುಕೊಳ್ಳುತ್ತ ಪ್ರತಿಯೊಂದು ಅಂಗವನ್ನೂ ಆ ಹಿತದ ಕಡೆಗೇ ಸರಿಸುತ್ತ ಹೋಗುತ್ತಾರೆ. ಕೊನೆಗೆ ಎಲ್ಲರೂ ತಲುಪುವುದು ಒಂದೇ ಊರನ್ನು.

ಆದರೆ ನೆನಪಿನ ದಾರಿ ಬೇರೆ. ಸೂಸನ್ ಬ್ರೆನನ್ ಎಂಬಾಕೆ ೧೯೮೦ರ ದಶಕದ ಆರಂಭದಲ್ಲಿ ಒಂದು ಕಂಪ್ಯೂಟರ್ ಕ್ರಮವಿಧಿಯನ್ನು ರಚಿಸಿದ್ದಳು. ಒಂದು ಮುಖ ಸರಾಸರಿ ಮುಖದಿಂದ ಎಲ್ಲೆಲ್ಲಿ ಬೇರೆಯಾಗಿದೆಯೆಂದು ಅಳೆದು, ಆ ವ್ಯತ್ಯಾಸವನ್ನೇ ಹಿಗ್ಗಿಸಿ ವ್ಯಂಗ್ಯಚಿತ್ರವನ್ನು ಬರೆಯುವುದು ಅದರ ಕೆಲಸ. ೧೯೮೭ರಲ್ಲಿ ಆಕೆಯೂ ಆಕೆಯ ಸಹೋದ್ಯೋಗಿಗಳೂ ಪರಿಚಿತರ ರೇಖಾಚಿತ್ರಗಳನ್ನು ಜನರಿಗೆ ತೋರಿಸಿದಾಗ, ಯಥಾವತ್ತಾದ ಚಿತ್ರಕ್ಕಿಂತ ಹಿಗ್ಗಿಸಿದ ಚಿತ್ರವನ್ನೇ ಅವರು ಬೇಗ ಗುರುತಿಸಿದರು. ಮೈಸೂರಿನ ಆರ್. ಕೆ. ಲಕ್ಷ್ಮಣರ ಗೆರೆಗಳನ್ನು ದಶಕಗಳ ಕಾಲ ಕಂಡವರಿಗೆ ಈ ಸಂಗತಿಯನ್ನು ವಿವರಿಸಬೇಕಾದುದಿಲ್ಲ.

ನುರಿತ ಆಟಗಾರರು ಇದನ್ನು ಶಾಸ್ತ್ರವಿಲ್ಲದೆಯೇ ಅರಿತಿದ್ದಾರೆ. ಅವರು ಮುಖವನ್ನು ತಿದ್ದುವುದು ಒಂದು ಅಂಗದಿಂದ. ಗಿಣಿಮೂಗನ್ನೋ, ಒಳಸೇರಿದ ಗಲ್ಲವನ್ನೋ, ಅಗಲವಾದ ಕಿವಿಗಳನ್ನೋ ಮೊದಲು ನಿಲ್ಲಿಸಿ, ಉಳಿದುದನ್ನು ಅದಕ್ಕೆ ಒಪ್ಪುವಂತೆ ಜೋಡಿಸುತ್ತಾರೆ. ಕಣ್ಣುಗಳ ನಡುವಣ ಅಂತರ, ಮೂಗಿನ ಬುಡಕ್ಕೂ ಮೇಲ್ದುಟಿಗೂ ನಡುವಣ ಜಾಗ, ಹಣೆಯ ಎತ್ತರ ಇವುಗಳನ್ನು ಹೊಸಬರು ಮುಟ್ಟುವುದೇ ಇಲ್ಲ. ಮುಖದ ಮುಖತನವಿರುವುದೇ ಅಲ್ಲಿ. ಮತ್ತೊಂದು ಗುಟ್ಟು, ಮುಖವನ್ನು ಪಕ್ಕಕ್ಕೆ ತಿರುಗಿಸಿ ನೋಡುವುದು. ಎದುರಿನಿಂದ ಅಪ್ಸರೆಯಂತೆ ಕಾಣುವವಳು ಪಕ್ಕದಿಂದ ಮೂಗೇ ಇಲ್ಲದವಳಾಗಿರುವುದುಂಟು.

ಹುಬ್ಬಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಮೆರಿಕದ ಎಂ.ಐ.ಟಿ.ಯಲ್ಲಿ ಪವನ್ ಸಿನ್ಹ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪ್ರಸಿದ್ಧರ ಭಾವಚಿತ್ರಗಳಲ್ಲಿ ಕಣ್ಣುಗಳನ್ನು ಅಳಿಸಿದಾಗಿಗಿಂತಲೂ ಹುಬ್ಬುಗಳನ್ನು ಅಳಿಸಿದಾಗ ನೋಡುವವರು ಹೆಚ್ಚಾಗಿ ತಬ್ಬಿಬ್ಬಾದರು. ಕಣ್ಣನ್ನು ಕವಿಗಳು ಹೊಗಳುತ್ತಾರೆ. ಗುರುತು ಹಿಡಿಯುವ ಕೆಲಸವನ್ನು ಹುಬ್ಬು ಸದ್ದಿಲ್ಲದೆ ಮಾಡುತ್ತದೆ. ಸಿಮ್ಸ್ ಆಟದಲ್ಲಂತೂ ಅದಕ್ಕೆ ಇಮ್ಮಡಿ ಕೆಲಸ. ಏಕೆಂದರೆ ಅಲ್ಲಿನ ಜನರು ಆಡುವುದು ‘ಸಿಮ್ಲಿಷ್’ ಎಂಬ, ಯಾವ ದೇಶಕ್ಕೂ ಸೇರದ, ಅರ್ಥವಿಲ್ಲದ ನುಡಿ. ಕೋಪವೋ ಪ್ರೇಮವೋ ತಿಳಿಯಬೇಕಾದರೆ ಮುಖವನ್ನೇ ನೋಡಬೇಕು.

ಒಂದು ಕೊರತೆ ಮಾತ್ರ ಆಟದ್ದೇ. ನಾಲ್ಕನೆಯ ಆಟ ಬಂದಾಗ ಎಡಗೆನ್ನೆಯನ್ನು ಎಳೆದರೆ ಬಲಗೆನ್ನೆಯೂ ಅಷ್ಟೇ ಬರುತ್ತಿತ್ತು. ಹುಟ್ಟಿದ ಮನುಷ್ಯನಲ್ಲಿ ಎರಡು ಪಕ್ಕಗಳು ಸಂಪೂರ್ಣ ಸಮನಾಗಿರುವುದು ಎಲ್ಲಿಯೂ ಇಲ್ಲ. ಕೆಲವು ಉತ್ಸಾಹಿಗಳು ತಾವೇ ಕ್ರಮವಿಧಿಗಳನ್ನು ಬರೆದು ಸೊಟ್ಟ ಮೂಗು, ಓರೆ ನಗೆಗಳನ್ನು ಸಾಧಿಸಿಕೊಂಡಿದ್ದಾರೆ.

ನಿಜದ ಮನುಷ್ಯರಂತೆಯೇ ಕಾಣುವ ಗೊಂಬೆಗಳಿದ್ದರೆ ಈ ತೊಂದರೆಯೆಲ್ಲ ತಪ್ಪುವುದೆಂದು ಭಾವಿಸುವವರೂ ಉಂಟು. ೨೦೨೫ರ ಮಾರ್ಚಿನಲ್ಲಿ ದಕ್ಷಿಣ ಕೊರಿಯದಿಂದ ಬಂದ ‘ಇನ್‌ಜಾಯ್’ ಎಂಬ ಆಟದಲ್ಲಿ ಚರ್ಮ, ಕೂದಲುಗಳೆಲ್ಲ ಛಾಯಾಚಿತ್ರದಂತೆಯೇ ಇವೆ. ಆದರೆ ಅಲ್ಲಿಯೂ ಬೀದಿಯ ತುಂಬ ಚೆಲುವರದೇ ಸಾಲು ಎಂಬ ಆಕ್ಷೇಪಣೆ ಕೇಳಿಬಂದಿತು.

ಮೂರು ಬಣ್ಣ ಸಾಲದು

ಮುಖವನ್ನು ತಿದ್ದುವುದು ಕೆಲವರಿಗೆ ಕಾಲಹರಣ. ಇನ್ನು ಕೆಲವರಿಗೆ ಅದು ತಮ್ಮನ್ನೂ ತಮ್ಮ ಮನೆಯವರನ್ನೂ ಆ ಪುಟ್ಟ ಲೋಕದಲ್ಲಿ ಕಾಣುವ ಆಸೆ. ತೀರಿಕೊಂಡ ಅಜ್ಜಿಯನ್ನು ಪರದೆಯ ಮೇಲಿನ ಅಡಿಗೆಮನೆಯಲ್ಲಿ ಮತ್ತೆ ಓಡಾಡಿಸುವವರಿದ್ದಾರೆ. ಅಂತಹವರಿಗೆ ಮೈಬಣ್ಣ ಸಣ್ಣ ವಿಷಯವಲ್ಲ. ನಾಲ್ಕನೆಯ ಆಟ ಬಂದು ವರ್ಷಗಳಾದರೂ ಅದರಲ್ಲಿ ಕಪ್ಪು ಮೈಬಣ್ಣಗಳು ತೀರ ಕೆಲವೇ ಇದ್ದವು. ಇದ್ದವೂ ಬೂದಿ ಬಳಿದಂತೆ ನಿಸ್ತೇಜವಾಗಿದ್ದವು. ತನ್ನ ಮುಖವನ್ನು ಮಾಡಲು ಕುಳಿತ ಕಪ್ಪು ಹುಡುಗಿಗೆ ಮೂಗು ಸರಿಹೋದರೂ ತಾನು ಕಾಣಿಸುತ್ತಿರಲಿಲ್ಲ. ಆಟಗಾರರು ವರ್ಷಗಟ್ಟಲೆ ದೂರಿದರು. ಬಣ್ಣಗಳನ್ನು ತಾವೇ ಕಲಸಿ ಒಬ್ಬರಿಗೊಬ್ಬರು ಹಂಚಿಕೊಂಡರು. ಕೊನೆಗೆ ೨೦೨೦ರ ಡಿಸೆಂಬರಿನಲ್ಲಿ ಮ್ಯಾಕ್ಸಿಸ್ ನೂರಕ್ಕೂ ಹೆಚ್ಚು ಹೊಸ ಮೈಬಣ್ಣಗಳನ್ನು ಒದಗಿಸಿತು. ಎಣ್ಣೆಗೆಂಪು, ಗೋಧಿಬಣ್ಣ, ಸಾದಗಪ್ಪು, ಎಣ್ಣೆಗಪ್ಪು ಎಂದು ಬೇರೆಬೇರೆ ಹೆಸರಿಟ್ಟು ಕರೆಯುವ ಭಾಷೆಯ ಜನರಿಗೆ, ಇದು ಇಷ್ಟು ತಡವಾಗಬೇಕಿತ್ತೇ ಎನ್ನಿಸದಿರದು.

ಅಜ್ಜನ ಮೂಗು

ಮುಖದ ವೈಶಿಷ್ಟ್ಯಕ್ಕೆ ನಿಜವಾದ ಬೆಲೆ ಬರುವುದು ಮಕ್ಕಳು ಹುಟ್ಟಿದಾಗ. ೨೦೦೪ರ ಆಟದ ಅತಿ ದೊಡ್ಡ ಸಾಹಸವೆಂದರೆ ಆನುವಂಶಿಕತೆ. ಮಗು ತಂದೆಯಿಂದ ಕೆಲವು ಲಕ್ಷಣಗಳನ್ನೂ ತಾಯಿಯಿಂದ ಕೆಲವನ್ನೂ ಪಡೆಯುತ್ತದೆ. ಕಂದು ಕಣ್ಣು, ಕರಿಯ ಕೂದಲುಗಳು ಪ್ರಬಲ. ಹಸಿರು ಕಣ್ಣು, ಹೊಂಬಣ್ಣದ ಕೂದಲುಗಳು ದುರ್ಬಲ. ದುರ್ಬಲವಾದುದು ಒಂದು ತಲೆಮಾರು ಅಡಗಿದ್ದು ಮೊಮ್ಮಗುವಿನಲ್ಲಿ ತಲೆಯೆತ್ತಬಹುದು. ಮೆಂಡೆಲನು ಮಠದ ತೋಟದಲ್ಲಿ ಬಟಾಣಿ ಗಿಡಗಳಿಂದ ಕಲಿತ ಪಾಠವನ್ನು ಮಕ್ಕಳು ಪರದೆಯ ಮುಂದೆ ಕುಳಿತು ಕಲಿತರು. ಒಂದು ಲೋಪವೂ ಇತ್ತು. ಆಟವನ್ನು ತೆರೆದ ಮೇಲೆ ಹುಟ್ಟುವ ಮೊದಲ ಮಗುವಿಗೆ ಕಂಪ್ಯೂಟರು ಪ್ರತಿ ಸಲವೂ ಒಂದೇ ರೀತಿಯಲ್ಲಿ ದಾಳ ಉರುಳಿಸುತ್ತಿತ್ತು. ಹೀಗಾಗಿ ಒಡಹುಟ್ಟಿದವರು ಅವಳಿಗಳಂತೆ ಹುಟ್ಟುತ್ತಿದ್ದರು. ಅಭಿಮಾನಿಗಳು ಅದಕ್ಕೆ ‘ಚೊಚ್ಚಲ ಮಗುವಿನ ರೋಗ’ವೆಂದರು.

ಸಿಮ್ಸ್ ಆಡುವವರಲ್ಲಿ ಹತ್ತು ತಲೆಮಾರುಗಳ ಪಂದ್ಯವೊಂದು ಬಹಳ ಪ್ರಿಯವಾದುದು. ಬರಿಗೈಯಲ್ಲಿ ಬಂದ ಮೂಲಪುರುಷನೊಬ್ಬನಿಂದ ಆರಂಭಿಸಿ, ಅದೇ ಮನೆಯಲ್ಲಿ ವಂಶವನ್ನು ಹತ್ತನೆಯ ತಲೆಮಾರಿನವರೆಗೆ ಬೆಳೆಸಬೇಕು. ಹೊಸಬರು ಮೂಲಪುರುಷನನ್ನು ಮನ್ಮಥನಂತೆ ಮಾಡಿ, ಅಷ್ಟೇ ಚೆಲುವೆಯನ್ನು ತಂದು ಮದುವೆ ಮಾಡುತ್ತಾರೆ. ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಯಾರು ಯಾರ ಮಗನೆಂಬುದನ್ನು ಹೆಸರು ನೋಡಿಯೇ ತಿಳಿಯಬೇಕು. ಬಲ್ಲವರು ಹಾಗೆ ಮಾಡುವುದಿಲ್ಲ. ಅವರ ಮೂಲಪುರುಷನಿಗೆ ಗರುಡನಂತಹ ಮೂಗು, ಇಲ್ಲವೇ ಬಾಗಿಲ ಚಿಲಕದಂತಹ ಕಿವಿಗಳು. ಅವನಿಗೆ ಹೆಣ್ಣು ಹುಡುಕುವಾಗ ಆಟವು ತಾನೇ ತೋಚಿದಂತೆ ಸೃಷ್ಟಿಸಿ ಬೀದಿಗೆ ಬಿಟ್ಟಿರುವ ಅಪರಿಚಿತರ ಕಡೆಗೆ ಅವರು ಕಣ್ಣು ಹಾಯಿಸುತ್ತಾರೆ. ಯಾವ ಮನುಷ್ಯನ ಕೈಯೂ ತಿದ್ದದ ಆ ಮುಖಗಳಲ್ಲಿ ಹಲವು ನಗೆ ಬರಿಸುವಂತಹವು, ಅಷ್ಟರಿಂದಲೇ ಬೆಲೆಯುಳ್ಳವು. ಮಗು ಹುಟ್ಟಿ, ತೊಟ್ಟಿಲಲ್ಲಿ ಮಲಗಿ, ಅಂಬೆಗಾಲಿಟ್ಟು, ಶಾಲೆಗೆ ಹೋಗುವವರೆಗೂ ಮೂಗು ತನ್ನ ರಹಸ್ಯವನ್ನು ಬಿಟ್ಟುಕೊಡುವುದಿಲ್ಲ. ಹುಟ್ಟುಹಬ್ಬದ ಮೇಣದಬತ್ತಿ ಆರಿಸಿ ಹುಡುಗ ಯುವಕನಾದ ಗಳಿಗೆಯಲ್ಲಿ ಆಟಗಾರರು ಮೊದಲು ಮಾಡುವ ಕೆಲಸ ಅವನ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಗೋಡೆಯ ಮೇಲೆ ತೂಗುಹಾಕಿರುವ ಮುತ್ತಜ್ಜನ ಚಿತ್ರದೊಡನೆ ಹೋಲಿಸಿ ನೋಡುವುದು.