ನೀರಿಗೆ ಲೆಕ್ಕವುಂಟು, ಮೀನಿಗಿಲ್ಲ

ಮುಂಗಾರು ಕಾಲಿಟ್ಟಿತೆಂದರೆ ತುಂಗಭದ್ರಾ ಜಲಾಶಯದ ಲೆಕ್ಕವು ನಮ್ಮ ಸೀಮೆಯ ಮನೆಮನೆಗೂ ನಿತ್ಯಪಾಠವಾಗುತ್ತದೆ. ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, ಪೂರ್ಣಮಟ್ಟವಾದ 1633 ಅಡಿಗೆ ಇನ್ನು ಇಷ್ಟು ಬಾಕಿ ಎಂಬುದನ್ನು ಯಶವಂತನಗರದ ಚಹದ ಅಂಗಡಿಯಲ್ಲಿ ಕುಳಿತವನೂ ಬಲ್ಲನು, ಕಂಪ್ಲಿಯ ಗದ್ದೆಯ ಬದುವಿನ ಮೇಲೆ ನಿಂತವನೂ ಬಲ್ಲನು. 2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು ನೀರು ಕೈಮೀರಿ ಹರಿದಾಗಲಂತೂ, ತಾತ್ಕಾಲಿಕ ಗೇಟನ್ನು ಇಳಿಸುವವರೆಗೆ, ನಾಡಿಗೆ ನಾಡೇ ಬೆರಳೆಣಿಸುತ್ತ ಕುಳಿತಿತ್ತು. ನೀರೇ ಜೀವನವಾಗಿರುವ ಪ್ರದೇಶದಲ್ಲಿ ಇದು ಸಹಜವೇ ಸರಿ. ಆದರೆ ಅದೇ ನೀರಿನಲ್ಲಿ ಅದೇ ಕಾಲದಲ್ಲಿ ನಡೆಯುವ, ನಡೆಯಬೇಕಾಗಿದ್ದ, ಇನ್ನೊಂದು ಮಹಾಪ್ರಯಾಣವನ್ನು ಕುರಿತು ಆ ನಿತ್ಯಪಾಠದಲ್ಲಿ ಒಂದಕ್ಷರವೂ ಇರುವುದಿಲ್ಲ. ಅಂದು ಮೀನಿನ ಮಾತನ್ನು ಯಾರೂ ಎತ್ತಲಿಲ್ಲ. ನಾವೂ ಎತ್ತಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಮೃಗಶಿರ, ಆರಿದ್ರೆಯ ಮಳೆಗೆ ಹೊಳೆಯಲ್ಲಿ ಹೊಸ ನೀರು ಬಂದೊಡನೆ ಮೀನು ಪ್ರವಾಹಕ್ಕೆ ಎದುರಾಗಿ ಮೇಲೇರುವುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಲೆನಾಡಿನವರು ಅದಕ್ಕೆ ಹತ್ತುಮೀನೆಂದು ಹೆಸರನ್ನೇ ಇಟ್ಟಿದ್ದಾರೆ. ಬೇಸಗೆಯಲ್ಲಿ ಬಂಡೆಗಳ ನಡುವಣ ಆಳವಾದ ಮಡುಗಳಲ್ಲಿ ತಂಗಿ, ಒಡಲ ತುಂಬ ತತ್ತಿ ಕಟ್ಟಿಕೊಂಡು, ಕೆಂಪು ನೀರಿನ ಮೊದಲ ಸೆಳೆತವನ್ನೇ ಕಾಯುತ್ತಿರುವ ಹೆಣ್ಣುಮೀನಿಗೆ ಆ ಪ್ರವಾಹವೇ ಪಂಚಾಂಗ. ಜಲ್ಲಿನೆಲದ ಮೇಲೆಯೋ, ಆಗತಾನೆ ಮುಳುಗಿದ ಹುಲ್ಲುದಡಗಳಲ್ಲಿಯೋ ತತ್ತಿಯಿಟ್ಟು ಅದು ಮರಳುತ್ತದೆ. ದೊಡ್ಡ ಜಾತಿಯ ಒಂದೊಂದು ಮೀನಿನ ಒಡಲಲ್ಲಿ ತತ್ತಿ ಲಕ್ಷಗಟ್ಟಲೆ ಇರುವುದುಂಟು. ಪ್ರವಾಹವು ಬಾರದೆ ಹೋದರೆ ಆ ತತ್ತಿ ಹೊರಬೀಳದು, ಒಡಲಲ್ಲಿಯೇ ಕರಗಿಹೋಗುತ್ತದೆ.

ವಿಜಯನಗರದ ಅರಸರು ಇದೇ ಹೊಳೆಗೆ ಅಡ್ಡಲಾಗಿ ಸಾಲುಸಾಲು ಕಟ್ಟೆಗಳನ್ನು ಕಟ್ಟಿಸಿ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ ಮೊದಲಾದವುಗಳಿಗೆ ನೀರು ತಿರುಗಿಸಿದರು. ಕಲ್ಲುಗುಂಡುಗಳನ್ನು ಪೇರಿಸಿದ ಆ ತಗ್ಗಿನ ಕಟ್ಟೆಗಳನ್ನು ಮುಂಗಾರಿನ ಪ್ರವಾಹವು ಮುಳುಗಿಸಿಕೊಂಡೇ ಸಾಗುತ್ತಿತ್ತು. ನೀರು ಮುಳುಗಿಸಿದ ಕಟ್ಟೆಯನ್ನು ದಾಟುವುದು ಮೀನಿಗೆ ದುಸ್ತರವಲ್ಲ. 1945ನೆಯ ಇಸವಿಯ ಫೆಬ್ರವರಿಯಲ್ಲಿ ಒಂದು ದಡದಲ್ಲಿ ಮದರಾಸು ಸರಕಾರವೂ ಇನ್ನೊಂದು ದಡದಲ್ಲಿ ಹೈದರಾಬಾದು ಸಂಸ್ಥಾನವೂ ಅಡಿಗಲ್ಲಿಟ್ಟು 1953ರಲ್ಲಿ ನೀರು ಹರಿಸಿದ ಅಣೆಕಟ್ಟಿನ ಮಾತೇ ಬೇರೆ. ನೂರರುವತ್ತು ಅಡಿಗೂ ಮಿಕ್ಕಿದ ಎತ್ತರ, 33 ಗೇಟುಗಳು. ಅವುಗಳಲ್ಲಿ ಒಂದೂ ಮೀನಿನ ದಾರಿಯಲ್ಲ. ಆ ಅಣೆಕಟ್ಟು ನಮ್ಮ ಬರಗಾಲದ ಸೀಮೆಗೆ ಅನ್ನವನ್ನಿಕ್ಕಿತು. ಅದನ್ನು ಹಳಿಯುವ ಕೃತಘ್ನತೆ ನಮಗೆ ಬೇಡ. ಆದರೆ ಉಪಕಾರವನ್ನು ನೆನೆಯುವಾಗ ಅದರ ಬೆಲೆಯನ್ನು ಮರೆಯಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಬೆಲೆಯನ್ನು ತೆತ್ತವುಗಳಲ್ಲಿ ಹರಗಿ ಮೀನು ಒಂದು. ನೀರೊಳಗಿನ ಹುಲ್ಲುಸೊಪ್ಪನ್ನೇ ಮೇಯುವ ಈ ಜಾತಿಯು ಕೃಷ್ಣಾ ತುಂಗಭದ್ರೆಗಳ ಸ್ವಂತ ಸಂಪತ್ತು. ಹುಲ್ಲು ತಿನ್ನುವ ಮೀನು ಬೇಕೆಂದು ಚೀಣಾದೇಶದಿಂದ ಬೇರೆ ಜಾತಿಯನ್ನು ತರಿಸಿಕೊಂಡ ನಾವು ಮನೆಯಲ್ಲಿದ್ದುದನ್ನು ಕಾಣದೆ ಹೋದೆವು. ಇಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಹರಗಿಯನ್ನು ಅಳಿವಿನ ಅಂಚಿಗೆ ಬಂದಿರುವ ಜೀವಿಗಳ ಪಟ್ಟಿಯಲ್ಲಿ ಬರೆದಿದೆ. ಶೃಂಗೇರಿಯ ಮಠದ ಮುಂದೆ ಭಕ್ತರ ಕೈಯಿಂದ ಪುರಿ ತಿನ್ನುವ ಮಹಶೀರ್ ಮೀನಿಗೆ ದೇವರ ರಕ್ಷೆಯಾದರೂ ಇದೆ; ಕೆಳಗಿನ ಹೊಳೆಯಲ್ಲಿ ಅದರ ಬಂಧುಗಳಿಗೆ ಅದೂ ಇಲ್ಲ.

ಅಣೆಕಟ್ಟು ಮುಗಿಯುವ ಮೊದಲೇ ಚಾಕೋ ಮತ್ತು ಕುರಿಯನ್ ಎಂಬ ವಿದ್ವಾಂಸರು ತುಂಗಭದ್ರೆಯ ಮೀನುಗಾರಿಕೆಯನ್ನು ಪರಿಶೀಲಿಸಿ 1948ರಲ್ಲಿ ವರದಿ ಪ್ರಕಟಿಸಿದರು. ಅಣೆಕಟ್ಟಾದ ಮೇಲೆ ಕೇಂದ್ರ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಡೇವಿಡ್ ಮತ್ತು ಸಂಗಡಿಗರು ಜಲಾಶಯದ ನೀರನ್ನೂ ಮೀನನ್ನೂ ವರ್ಷಗಟ್ಟಲೆ ಅಭ್ಯಸಿಸಿ 1969ರಲ್ಲಿ ಗ್ರಂಥವನ್ನೇ ಹೊರತಂದರು. ವಿದ್ವತ್ತಿಗೆ ಕೊರತೆಯಿಲ್ಲವೆಂದಾಯಿತು. ಆದರೆ ವಿದ್ವಾಂಸರ ಗ್ರಂಥವು ಒಂದು ಕಾಲದ ಚಿತ್ರ. ಆಡಳಿತ ನಡೆಸುವವರಿಗೆ ಬೇಕಾದುದು ದಿನದಿನದ ಲೆಕ್ಕ. ಇವೆರಡರ ಅಂತರವೇನೆಂಬುದನ್ನು ತಿಳಿಯಲು ದೂರದ ಒಂದು ಹೊಳೆಯ ಕಥೆಯನ್ನು ವಾಚಕರ ಮುಂದಿಡುತ್ತೇವೆ.

ಕೆನಡಾ ದೇಶದ ಫ್ರೇಸರ್ ನದಿಯಲ್ಲಿ ಸಾಲ್ಮನ್ ಎಂಬ ಮೀನು ಹುಟ್ಟುತ್ತದೆ, ಸಮುದ್ರಕ್ಕೆ ಹೋಗಿ ಬೆಳೆಯುತ್ತದೆ, ಹುಟ್ಟಿದ ತೊರೆಯ ವಾಸನೆಯನ್ನು ಹಿಡಿದು ಅಲ್ಲಿಗೇ ಮರಳಿ ತತ್ತಿಯಿಟ್ಟು ಪ್ರಾಣಬಿಡುತ್ತದೆ. 1914ರಲ್ಲಿ ರೈಲುದಾರಿಯ ಕೆಲಸದಿಂದ ಬೆಟ್ಟ ಕುಸಿದು ಹೆಲ್ಸ್ ಗೇಟ್ ಎಂಬ ಕಿರುಕಣಿವೆಯಲ್ಲಿ ಬಂಡೆಗಳು ನದಿಗೆ ಬಿದ್ದವು. ಪಾತ್ರ ಕಿರಿದಾಗಿ ಸೆಳೆತ ಹೆಚ್ಚಿತು. ಮೀನು ಏರಲಾರದೆ ಕೆಳಗೇ ಉಳಿಯಿತು. ಹಿಡಿಯುವ ಮೀನಿನ ಮೊತ್ತ ಪಾತಾಳಕ್ಕಿಳಿಯಿತು. ಆ ಮೀನು ಸಮುದ್ರದಲ್ಲಿ ಅಮೇರಿಕೆಯವರ ಬಲೆಗೂ ಕೆನಡಾದವರ ಬಲೆಗೂ ಬೀಳತಕ್ಕದ್ದಾದುದರಿಂದ ಎರಡು ಸರಕಾರಗಳೂ ಜಗಳವಾಡಿ, ಕೊನೆಗೆ 1937ರಲ್ಲಿ ಒಪ್ಪಂದವನ್ನು ಊರ್ಜಿತಗೊಳಿಸಿ ಒಂದು ಸಂಯುಕ್ತ ಆಯೋಗವನ್ನು ನೇಮಿಸಿದವು. ಆಯೋಗವು ಮೊದಲು ಅಭ್ಯಾಸಮಾಡಿತು. 1945-46ರಲ್ಲಿ ಮೀನಿನ ದಾರಿಯನ್ನು ಕಟ್ಟಿಸಿತು. ಇಂದಿಗೂ ಮೀನು ಬರುವ ಋತುವಿನಲ್ಲಿ ನದಿಯ ಕೆಳಭಾಗದ ಮಿಷನ್ ಎಂಬಲ್ಲಿ ಶಬ್ದತರಂಗಗಳ ಯಂತ್ರದಿಂದ ಮೀನನ್ನು ಎಣಿಸುತ್ತಾರೆ. ಉಭಯ ದೇಶಗಳ ಪ್ರತಿನಿಧಿಗಳು ಋತುವಿನುದ್ದಕ್ಕೂ ಆ ಲೆಕ್ಕವನ್ನು ಮುಂದಿಟ್ಟುಕೊಂಡು ಬಲೆ ಬೀಸುವುದಕ್ಕೆ ಯಾವ ದಿನ ಅಪ್ಪಣೆ, ಯಾವ ದಿನ ತಡೆ ಎಂಬುದನ್ನು ತೀರ್ಮಾನಿಸುತ್ತಾರೆ. ಅಮೇರಿಕೆಯ ಕೊಲಂಬಿಯಾ ನದಿಯ ಬೊನವಿಲ್ ಅಣೆಕಟ್ಟಿನಲ್ಲಿ 1938ರಿಂದಲೂ ಮೀನೇಣಿಯುಂಟು. ಅದರ ಬದಿಯ ಗಾಜಿನ ಕಿಂಡಿಯ ಮುಂದೆ ಕುಳಿತು ಹಾದುಹೋಗುವ ಮೀನನ್ನು ಎಣಿಸುವುದೇ ಒಂದು ಉದ್ಯೋಗ. ನಮ್ಮಲ್ಲಿ ಕ್ಯೂಸೆಕ್ಕಿನ ಲೆಕ್ಕ ಬರುವಂತೆ ಅಲ್ಲಿ ಮೀನಿನ ಲೆಕ್ಕ ದಿನವೂ ಪ್ರಕಟವಾಗುತ್ತದೆ.

ನಮ್ಮ ಅಣೆಕಟ್ಟಿಗೂ ಏಣಿ ಹಾಕಿರೆಂದು ನಾವು ಕೇಳುವುದಿಲ್ಲ. ಸಾಲ್ಮನ್ ನೆಗೆಯುವ ಮೀನು. ನಮ್ಮ ಕೆಮ್ಮೀನು, ಹರಗಿಗಳು ಅಂಥ ಎತ್ತರವನ್ನು ಏಣಿಯಿಂದ ಏರಿಯಾವೆಂಬ ಭರವಸೆ ನಮಗಿಲ್ಲ. ಪರದೇಶದ ಯಂತ್ರವನ್ನು ಹಾಗೆಯೇ ತಂದು ನೆಡುವುದು ಅನುಕರಣವೇ ಹೊರತು ಬುದ್ಧಿವಂತಿಕೆಯಲ್ಲ. ಅವರಿಂದ ಕಲಿಯಬೇಕಾದುದು ಎಣಿಸುವ ಶಿಸ್ತನ್ನು, ಮತ್ತು ಎಣಿಕೆಗೆ ತಲೆಬಾಗಿ ಆಡಳಿತ ನಡೆಸುವ ಪದ್ಧತಿಯನ್ನು. ಸಂಯುಕ್ತ ಆಯೋಗವನ್ನಂತೂ ಹೊಸದಾಗಿ ಹುಟ್ಟಿಸಬೇಕಾದುದಿಲ್ಲ. 1953ರಲ್ಲಿ ಸ್ಥಾಪಿತವಾದ ತುಂಗಭದ್ರಾ ಮಂಡಳಿಯು ಇಂದು ಕರ್ನಾಟಕ, ಆಂಧ್ರ, ತೆಲಂಗಾಣಗಳಿಗೆ ನೀರನ್ನು ಹಂಚುತ್ತಿದೆ. ಜಲಾಶಯದ ಮೀನುಗಾರಿಕೆಯೂ ಅದರ ಕೈಯಲ್ಲಿಯೇ ಇದೆ. ಗೇಟಿನ ಕೀಲಿಯೂ ಮೀನಿನ ಹೊಣೆಯೂ ಒಂದೇ ಕೈಯಲ್ಲಿರುವ ಇಂಥ ಅನುಕೂಲ ಎಷ್ಟು ಹೊಳೆಗಳಿಗೆ ಇದೆ?

ಗೇಟಿನ ಮಾತು ಇಲ್ಲಿ ಮುಖ್ಯವಾದುದು. ಜಲಾಶಯ ತುಂಬುವವರೆಗೆ ಗೇಟು ತೆರೆಯುವಂತಿಲ್ಲ. ಆದುದರಿಂದ ಮುಂಗಾರಿನ ಮೊದಲ ಪ್ರವಾಹವೆಲ್ಲ ಅಣೆಕಟ್ಟಿನ ಹಿಂದೆಯೇ ನಿಲ್ಲುತ್ತದೆ. ಹಂಪೆ, ಆನೆಗೊಂದಿ, ಕಂಪ್ಲಿಯ ಮಡುಗಳಲ್ಲಿ ತತ್ತಿ ಹೊತ್ತು ಕಾಯುವ ಮೀನಿಗೆ ಪಂಚಾಂಗವೇ ತಪ್ಪಿಹೋಗುತ್ತದೆ. ಮುಂದೆ ತಿಂಗಳು ಕಳೆದು ಜಲಾಶಯ ತುಂಬಿದಾಗ ಒಮ್ಮೆಲೇ ಸಾವಿರಾರು ಕ್ಯೂಸೆಕ್ ನೀರು ಧುಮುಕುತ್ತದೆ. ಮೀನು ಆ ರಭಸಕ್ಕೆ ಎದುರಾಗಿ ಅಣೆಕಟ್ಟಿನ ಬುಡದವರೆಗೆ ಬಂದು ಗೋಡೆಗೆ ತಲೆಗುಟ್ಟಿ ಗುಂಪುಗೂಡುತ್ತದೆ. ಗೇಟು ಮುಚ್ಚಿತೆಂದರೆ ಕಲ್ಲುಹೊಂಡಗಳಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ಅದನ್ನು ಬಾಚಿಕೊಳ್ಳಲು ಕೌಶಲ ಬೇಡ, ಹರಿಗೋಲೂ ಬೇಡ. ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು 1897ರ ಕಾಯಿದೆಯೇ ನಿಷೇಧಿಸಿದೆ. ಆದರೆ ತತ್ತಿಹೊತ್ತ ಮೀನನ್ನು ಬರಿಗೈಯಿಂದ ಹಿಡಿಯುವವನ ಕೈಯನ್ನು ಕಾಯಿದೆ ಹಿಡಿದೀತೆ? ಅಣೆಕಟ್ಟಿನಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ಸರಕಾರವು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಒಳ್ಳೆಯ ಕಾರ್ಯವೇ. ನೀರುನಾಯಿಯನ್ನು ಕಾಯುವವರು ಅದರ ಊಟದ ಲೆಕ್ಕವನ್ನೂ ಇಟ್ಟರೆ ಇನ್ನೂ ಒಳ್ಳೆಯದು.

ಮೇಲಿನ ಕಡೆಯ ಕಷ್ಟ ಇನ್ನೊಂದು ತೆರನಾದುದು. ಜಲಾಶಯದೊಳಗೆ ಬೆಳೆದ ಮೀನು ತತ್ತಿಯಿಡಲು ಹಿನ್ನೀರಿನ ತುದಿಯನ್ನು ದಾಟಿ ಹೂವಿನಹಡಗಲಿಯ ಕಡೆಗೆ ಹರಿಯುವ ಹೊಳೆಯನ್ನು ಅರಸುತ್ತದೆ. ಅಲ್ಲಿ ಹಮ್ಮಿಗಿಯ ಬಳಿ ಸಿಂಗಟಾಲೂರು ಯೋಜನೆಯ ಬ್ಯಾರೇಜು ಎದುರಾಗುತ್ತದೆ. ಹೂಳಿನ ಕಥೆಯಂತೂ ಎಲ್ಲರಿಗೂ ಗೊತ್ತು. 133 ಟಿ.ಎಂ.ಸಿ. ನೀರು ಹಿಡಿಯಬೇಕಾಗಿದ್ದ ಪಾತ್ರೆಯು ಇಂದು 105.788 ಟಿ.ಎಂ.ಸಿ.ಯನ್ನು ಮಾತ್ರ ಹಿಡಿಯುತ್ತದೆ. ಸಣ್ಣ ಹಳ್ಳಗಳ ಸ್ಥಿತಿಯೂ ಬೇರೆಯಲ್ಲ. ಭೀಮಗಂಡಿಯಲ್ಲಿ ಬೆಟ್ಟವನ್ನು ಸೀಳಿ ಬರುವ ಸೊಂಡೂರಿನ ನಾರಿಹಳ್ಳಕ್ಕೆ ಗಣಿಯ ಕೆಂಧೂಳು ಎಷ್ಟು ಸೇರಿತೆಂಬುದನ್ನು, 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯುವ ಮೊದಲಿನ ದಿನಗಳನ್ನು ಕಂಡ ಯಶವಂತನಗರದವರಿಗೆ ನಾವು ವಿವರಿಸಬೇಕಾದುದಿಲ್ಲ. ತತ್ತಿಯ ಮೇಲೆ ಕೆಸರು ಕುಳಿತರೆ ಅದಕ್ಕೆ ಉಸಿರಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲ ಪ್ರವಾಹ ಬಂದಾಗ ಕೆಲವು ದಿನಗಳ ಮಟ್ಟಿಗೆ ಕೆಳಹೊಳೆಗೆ ಸ್ವಲ್ಪ ನೀರನ್ನು ಬಿಡುವುದು, ಗೇಟುಗಳನ್ನು ಒಮ್ಮೆಲೇ ಮುಚ್ಚದೆ ಹಂತಹಂತವಾಗಿ ಇಳಿಸುವುದು, ಇವೆರಡನ್ನೂ ಮಂಡಳಿಯ ಎಂಜಿನಿಯರರು ಮನಸ್ಸು ಮಾಡಿದರೆ ಮಾಡಬಲ್ಲರು. ರೈತನ ಪಾಲಿನ ನೀರು ಹೋದೀತೆಂಬ ಆತಂಕ ನ್ಯಾಯವಾದುದೇ. ಎಷ್ಟು ನೀರು, ಯಾವ ದಿನ ಎಂಬುದನ್ನು ಖಚಿತವಾಗಿ ಹೇಳಬೇಕಾದರೂ ಮೀನಿನ ಲೆಕ್ಕವೇ ಬೇಕು. ಇನ್ನು ತತ್ತಿಯ ಕಾಲದಲ್ಲಿ ಬಲೆಯನ್ನು ನಿಲ್ಲಿಸುವ ಮಾತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಹೊಳೆಯಲ್ಲಿಯೂ ಹಾಗೆಯೇ ನಿಲ್ಲಬೇಕೆಂದು ಹೇಳುವುದು ಸುಲಭ, ಬೆಸ್ತರ ಮನೆಯ ಒಲೆಯ ವಿಚಾರವನ್ನು ಬಿಟ್ಟರೆ. ತಡೆಯ ತಿಂಗಳುಗಳಿಗೆಂದು ಕೇಂದ್ರ ಸರಕಾರದ ಯೋಜನೆಯೊಂದಿದೆ. ಮೀನುಗಾರನೇ ಉಳಿತಾಯ ಮಾಡಿದ 1500 ರೂಪಾಯಿಗೆ ಸರಕಾರದ 3000 ಸೇರಿಸಿ ಮೂರು ತಿಂಗಳಿಗೆ ಹಂಚುತ್ತಾರೆ. ತಿಂಗಳಿಗೆ 1500 ರೂಪಾಯಿಯಲ್ಲಿ ಒಂದು ಕುಟುಂಬ ಬಾಳುವ ಬಗೆಯನ್ನು ಯೋಜನೆ ಬರೆದವರೇ ತಿಳಿಸಬೇಕು. ಈ ಮೊತ್ತವನ್ನು ಹೆಚ್ಚಿಸದೆ ಹೊಳೆಯಲ್ಲಿ ತಡೆಯಾಜ್ಞೆ ಹೊರಡಿಸಿದರೆ ಅದು ಬಡವನ ಬಲೆಯನ್ನು ಮಾತ್ರ ತಡೆದೀತು.

ಈ ತಿಂಗಳುಗಳಲ್ಲಿ ಬೆಸ್ತರಿಗೆ ಕೊಡಬಹುದಾದ ಕೆಲಸವೊಂದಿದೆ, ಅದು ಎಣಿಸುವ ಕೆಲಸ. ಯಾವ ಮಡುವಿನಲ್ಲಿ ಯಾವ ಜಾತಿ ತಂಗುತ್ತದೆ, ಯಾವ ಮಳೆಗೆ ಏಳುತ್ತದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಅಣೆಕಟ್ಟಿನ ಬುಡದಲ್ಲಿ, ಆನೆಗೊಂದಿಯಲ್ಲಿ, ಕಂಪ್ಲಿಯಲ್ಲಿ, ಮೇಲೆ ಹಮ್ಮಿಗಿಯಲ್ಲಿ, ಹೀಗೆ ನಾಲ್ಕು ಕಡೆ ಇಬ್ಬಿಬ್ಬರು, ಅವರೊಡನೆ ಮೀನುಗಾರಿಕಾ ಇಲಾಖೆಯ ಒಬ್ಬ ನೌಕರ. ಸಿಕ್ಕಿದ ಮೀನಿನ ಜಾತಿ, ತೂಕ, ತತ್ತಿ ಉಂಟೋ ಇಲ್ಲವೋ ಎಂಬುದನ್ನು ಬರೆದು ಮತ್ತೆ ನೀರಿಗೆ ಬಿಡುವುದು. ಸಂಜೆ ನೀರಿನ ಮಟ್ಟದ ಜೊತೆಗೆ ಆ ಅಂಕಿಗಳನ್ನೂ ಪತ್ರಿಕೆಗಳಿಗೆ ಕಳುಹಿಸುವುದು. ಕಳುಹಿಸಿದರೆ ಕ್ಯೂಸೆಕ್ಕಿನ ಪಕ್ಕದಲ್ಲಿಯೇ ಅಚ್ಚುಹಾಕಲು ನಾವು ಸಿದ್ಧರಿದ್ದೇವೆ. ಮೃಗಶಿರ ಮಳೆ ಹುಟ್ಟುವುದು ಜೂನ್ ಮೊದಲ ವಾರ ಕಳೆದೊಡನೆ. ಎಣಿಸುವವರನ್ನು ಅದಕ್ಕೆ ಮೊದಲೇ ಗೊತ್ತುಮಾಡಬೇಕಾಗುತ್ತದೆ.